ದುಬೈ ನಾಲ್ಕೇ ತಾಸು ಎನ್ನುವ ನಮ್ಮ ಮಕ್ಕಳಿಗೆ

ದುಬೈ, ಶಾರ್ಜಾ, ಮಸ್ಕತ್, ದೋಹಾ, ಕುವೈತ್‌ಗಳಲ್ಲಿ ದುಡಿಯುತ್ತಿರುವ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಮಕ್ಕಳೇ, ತಮ್ಮಂದಿರೇ, ತಂಗಿಯರೇ,

ಊರಿಗೆ ಫೋನ್ ಹಚ್ಚಿದಾಗ ನೀವು ಅವ್ವಂದಿರಿಗೆ ಧೈರ್ಯ ತುಂಬಲು ಹೇಳುವ ಮಾತೊಂದಿದೆ. ‘ದುಬೈ ಏನ್ ದೂರ ಅಲ್ಲಬೇ, ನಾಕ ತಾಸು. ನೀ ಕರದ ದಿನಾನ ಬಂದ ನಿಲ್ತೀನಿ.’ ಅವ್ವ ಅದನ್ನು ನಂಬುತ್ತಾಳೆ. ನಂಬಿ ಓಣಿಗೆಲ್ಲ ಹೇಳುತ್ತಾಳೆ. ಪ್ರೀತಿಯಿಂದ ಹೇಳಿದ ಮಾತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ನಾಲ್ಕು ತಾಸು ಎಂಬುದು ಬೆಂಗಳೂರಿನವರ ಲೆಕ್ಕ. ನಮ್ಮ ಮೂರು ತಾಲ್ಲೂಕಿನವರಿಗೆ ಅದು ಯಾವತ್ತೂ ನಿಜವಾಗಿಲ್ಲ. ಆ ಲೆಕ್ಕವನ್ನು ನಂಬಿ ಕೂತದ್ದರಿಂದ ಏನೇನು ಆಗುತ್ತಿದೆ, ಏನನ್ನು ಕೇಳಬೇಕಾದವರು ಕೇಳದೆ ಉಳಿದಿದ್ದೇವೆ ಎಂಬುದನ್ನು ನಿಮ್ಮೆಲ್ಲರ ಮುಂದೆ ಇಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಆಕಾಶದ ಹಾದಿ ನೋಡೋಣ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ದುಬೈಗೆ ನೇರ ಅಂತರ ಸುಮಾರು 2,700 ಕಿ.ಮೀ. ಹೋಗುವಾಗ ನಾಲ್ಕು ತಾಸು, ಬರುವಾಗ ಅದಕ್ಕಿಂತ ಸ್ವಲ್ಪ ಕಡಿಮೆ. ವಿಮಾನ ಹಾರುವ ಎತ್ತರದಲ್ಲಿ ವರ್ಷದ ಬಹುಪಾಲು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಹೋಗುವಾಗ ಅದು ಎದುರಾಗುತ್ತದೆ, ಬರುವಾಗ ಬೆನ್ನಿಗಿರುತ್ತದೆ. ಇಷ್ಟರಲ್ಲಿ ತಕರಾರಿಲ್ಲ.

ಟಿಕೆಟ್ ಮೇಲಿನ ಹೊತ್ತು ಮಾತ್ರ ಮನೆಯವರನ್ನು ಗೊಂದಲಕ್ಕೆ ದೂಡುತ್ತದೆ. ದುಬೈ, ಮಸ್ಕತ್‌ಗಳ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ. ದೋಹಾ, ಕುವೈತ್, ರಿಯಾದ್‌ಗಳದು ಎರಡೂವರೆ ತಾಸು ಹಿಂದೆ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ಮುಟ್ಟುವ ಹೊತ್ತು ಮುಟ್ಟುವ ಊರಿನದು. ಬೆಂಗಳೂರಿನಿಂದ ಬೆಳಿಗ್ಗೆ 10ಕ್ಕೆ ಹೊರಟರೆ ದುಬೈಯಲ್ಲಿ 12.30 ಎಂದು ಬರೆದಿರುತ್ತದೆ. ಅದನ್ನು ಓದಿದವರು ಎರಡೂವರೆ ತಾಸು ಎಂದುಕೊಳ್ಳುತ್ತಾರೆ. ಅದೇ ನೀವು ರಾತ್ರಿ 10ಕ್ಕೆ ದುಬೈ ಬಿಟ್ಟರೆ ಬೆಂಗಳೂರಿನಲ್ಲಿ ನಸುಕಿನ 3 ದಾಟಿರುತ್ತದೆ. ಅದನ್ನು ನೋಡಿದವರಿಗೆ ಐದು ತಾಸಿನ ಮೇಲಾಯಿತು. ಹೋಗುವಾಗ ಎರಡೂವರೆ, ಬರುವಾಗ ಐದು ಹೇಗೆ ಎಂದು ಕೇಳುವ ಹಿರಿಯರು ಪ್ರತಿ ಊರಲ್ಲೂ ಇದ್ದಾರೆ. ಅವರಿಗೆ ಒಮ್ಮೆ ಕೂತು ಬಿಡಿಸಿ ಹೇಳಿ. ತಾರೀಖು ಬದಲಾಗುವುದನ್ನು ಗಮನಿಸದೆ ಒಂದು ದಿನ ಮೊದಲೇ ಬೆಂಗಳೂರಿಗೆ ಕಾರು ಕಳಿಸಿದ ಮನೆಗಳೂ ಇವೆ.

ಇನ್ನು ನೆಲದ ಹಾದಿ. ರೋಣದಿಂದ ಬೆಂಗಳೂರಿಗೆ ನಾಲ್ಕುನೂರು ಕಿ.ಮೀ. ಮೀರಿದ ದಾರಿ. ರಾತ್ರಿ ಬಸ್ಸು ಹತ್ತಿದರೆ ಒಂಬತ್ತು ಹತ್ತು ತಾಸು. ಮೆಜೆಸ್ಟಿಕ್‌ನಲ್ಲಿ ಇಳಿದು ದೇವನಹಳ್ಳಿಯ ಕಡೆಗೆ ಇನ್ನೊಂದು ಬಸ್ಸು, ಅಲ್ಲಿಯ ವಾಹನ ದಟ್ಟಣೆಯಲ್ಲಿ ಒಂದೂವರೆ ತಾಸು. ವಿದೇಶದ ವಿಮಾನಕ್ಕೆ ಮೂರು ತಾಸು ಮೊದಲೇ ಇರಬೇಕು. ಆಮೇಲೆ ಆ ನಾಲ್ಕು ತಾಸು. ದುಬೈಯಲ್ಲಿ ಇಳಿದು ಪಾಸ್‌ಪೋರ್ಟಿಗೆ ಮುದ್ರೆ ಬಿದ್ದು, ಚೀಲ ಸಿಕ್ಕು, ರೂಮು ಮುಟ್ಟಲು ಇನ್ನೂ ಒಂದೂವರೆ ಎರಡು ತಾಸು. ಕೂಡಿಸಿದರೆ ಹತ್ತಿರ ಹತ್ತಿರ ಇಪ್ಪತ್ತು ತಾಸು. ಇದರಲ್ಲಿ ಆಕಾಶದಲ್ಲಿ ಕಳೆದದ್ದು ನಾಲ್ಕು. 2,700 ಕಿ.ಮೀ. ದೂರವನ್ನು ನಾಲ್ಕು ತಾಸಿನಲ್ಲಿ ದಾಟುವವರು ಅದರ ಆರನೆಯ ಒಂದು ಪಾಲಿನಷ್ಟು ದಾರಿಗೆ ರಾತ್ರಿಯಿಡೀ ಕೂರಬೇಕು. ಗಜೇಂದ್ರಗಡ, ರಾಜೂರು, ಸೂಡಿಯವರಿಗೂ ಇದೇ ಲೆಕ್ಕ. ಹೊಳೆಆಲೂರಿನ ಕಡೆಯವರು ರೈಲು ಹಿಡಿಯಬಹುದು, ಆದರೆ ಅದೂ ರಾತ್ರಿಯಿಡೀ ಪ್ರಯಾಣವೇ.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನವಿದೆಯಲ್ಲ ಎನ್ನುತ್ತೀರಿ. ಇದೆ, ಹಾರಾಟ ಒಂದು ತಾಸಿನ ಮೇಲೆ ಸ್ವಲ್ಪ. ನರಗುಂದದವರಿಗೆ ಹುಬ್ಬಳ್ಳಿ ಐವತ್ತೈದು ಕಿ.ಮೀ. ಆಸುಪಾಸು, ಅವರಿಗೆ ಇದರಿಂದ ನಿಜವಾದ ಅನುಕೂಲ. ಆದರೆ ಎರಡು ಸಂಗತಿ ತಿಳಿದಿರಲಿ. ಹುಬ್ಬಳ್ಳಿ–ಬೆಂಗಳೂರು ಟಿಕೆಟ್ಟನ್ನೂ ಬೆಂಗಳೂರು–ದುಬೈ ಟಿಕೆಟ್ಟನ್ನೂ ಬೇರೆ ಬೇರೆ ತೆಗೆದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಹೊಣೆ ನಿಮ್ಮದೇ. ಎರಡೂ ಒಂದೇ ಟಿಕೆಟ್‌ನಲ್ಲಿದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ಕಂಪನಿಯ ಹೊಣೆ. ಚೀಲದ ತೂಕದ್ದೂ ಹಾಗೆಯೇ. ವಿದೇಶದ ಹಾರಾಟಕ್ಕೆ 30 ಕಿಲೋದಷ್ಟು ಬಿಡುತ್ತಾರೆ, ದೇಶದೊಳಗಿನದಕ್ಕೆ ಸಾಮಾನ್ಯವಾಗಿ 15 ಕಿಲೋ. ಬೇರೆ ಬೇರೆ ಟಿಕೆಟ್ ಹಿಡಿದು ಬಂದವರು ಹುಬ್ಬಳ್ಳಿಯಲ್ಲೇ ಚೀಲ ಬಿಚ್ಚಿ, ಅವ್ವ ಕಟ್ಟಿಕೊಟ್ಟದ್ದನ್ನು ಬಿಡಲು ಬಂದವರ ಕೈಗೆ ವಾಪಸು ಕೊಡುವುದನ್ನು ಕಣ್ಣಾರೆ ನೋಡಿದ್ದೇನೆ. ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರ್‌ನಿಂದ ವಿದೇಶದ ವಿಮಾನಗಳೆಲ್ಲ ಎರಡನೆಯ ಟರ್ಮಿನಲ್‌ಗೆ ಹೋಗಿವೆ. ಹುಬ್ಬಳ್ಳಿಯಿಂದ ಬಂದ ವಿಮಾನ ಮೊದಲನೆಯದರಲ್ಲಿ ಇಳಿದರೆ, ಚೀಲ ತೆಗೆದುಕೊಂಡು, ಹೊರಗೆ ಬಂದು, ಬಸ್ಸು ಹತ್ತಿ ಇನ್ನೊಂದಕ್ಕೆ ಹೋಗಬೇಕು. ಮೊದಲ ಸಲ ಹೋಗುವ ಹುಡುಗನಿಗೆ, ಉಮ್ರಾಕ್ಕೆ ಹೊರಟ ಅಜ್ಜ ಅಜ್ಜಿಗೆ ಅದೇ ದೊಡ್ಡ ಪರೀಕ್ಷೆ.

ಚೀಲದ ಮಾತು ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ಕಡಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಧಾರಾಳವಾಗಿ ಒಯ್ಯಿರಿ. ಗಸಗಸೆ ಮಾತ್ರ ಬೇಡ. ಯುಎಇ, ಸೌದಿಗಳಲ್ಲಿ ಗಸಗಸೆಗೆ ನಿಷೇಧವಿದೆ, ಅದನ್ನು ಮಾದಕ ವಸ್ತುವಿನ ಸಾಲಿಗೆ ಸೇರಿಸುತ್ತಾರೆ. ನಮ್ಮ ಅಂಟಿನುಂಡೆಗೆ, ಕರ್ಚಿಕಾಯಿಗೆ ಗಸಗಸೆ ಬೀಳುತ್ತದೆ, ಮಾಡಿಕೊಟ್ಟ ಅವ್ವನಿಗೆ ಈ ಕಾನೂನು ಗೊತ್ತಿರುವುದಿಲ್ಲ. ಒಣ ಕೊಬ್ಬರಿ ಗಿಟಕನ್ನೂ ದೊಡ್ಡ ಚೀಲಕ್ಕೆ ಹಾಕಬೇಡಿ. ಅದರಲ್ಲಿ ಎಣ್ಣೆ ಇರುವುದರಿಂದ ಬೆಂಕಿ ಹತ್ತುವ ವಸ್ತು ಎಂದು ವಿಮಾನದವರು ತೆಗೆದು ಹಾಕುತ್ತಾರೆ. ಊರಿಂದ ಯಾರಾದರೂ ಹೊರಡುವ ಮುಂಚೆ ಇದನ್ನು ನೀವೇ ಫೋನ್ ಮಾಡಿ ಮನೆಯಲ್ಲಿ ತಿಳಿಸಿ.

ಈಗ ಈ ಪತ್ರ ಬರೆಯಿಸಿದ ಸಂಗತಿಗೆ ಬರುತ್ತೇನೆ.

ನಮ್ಮ ಕಡೆ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮೊದಲ ಪ್ರಶ್ನೆ ಒಂದೇ: ‘ಮಣ್ಣ ಎಷ್ಟೊತ್ತಿಗೆ?’ ಲಿಂಗಾಯತರಲ್ಲಿ ಮಣ್ಣು ಕೊಡುತ್ತಾರೆ, ಮುಸಲ್ಮಾನರಲ್ಲಿ ದಫನ್ ಮಾಡುತ್ತಾರೆ. ಎರಡೂ ಕಡೆ ತಡ ಮಾಡುವ ರೂಢಿಯಿಲ್ಲ. ಹೊತ್ತು ಮುಳುಗುವುದರೊಳಗೆ ಆಗಬೇಕು, ಹೆಚ್ಚೆಂದರೆ ಮರುದಿನ ಮುಂಜಾನೆ. ಎರೆಸೀಮೆಯ ಬೇಸಿಗೆಯಲ್ಲಿ ಹೆಣ ಇಡುವುದು ಸುಲಭವಲ್ಲ. ತಂಪು ಪೆಟ್ಟಿಗೆಯನ್ನು ಗದಗಿನಿಂದಲೋ ಹುಬ್ಬಳ್ಳಿಯಿಂದಲೋ ಬಾಡಿಗೆಗೆ ತರಿಸಬೇಕು, ಕರೆಂಟು ಕೈಕೊಟ್ಟರೆ ಅದೂ ಇಲ್ಲ. ಆಗ ಹಿರಿಯರು ಮಗನಿಗೆ ಫೋನ್ ಹಚ್ಚುತ್ತಾರೆ. ಎಷ್ಟು ತಾಸಿಗೆ ಬರುತ್ತಿ ಎಂದು ಕೇಳುತ್ತಾರೆ. ನಾಲ್ಕು ತಾಸಿನ ಮಾತು ನೆನಪಿದ್ದ ತಾಯಿ ‘ಬರ್ತಾನ, ತಡೀರಿ’ ಎನ್ನುತ್ತಾಳೆ.

ನಮ್ಮ ಓಣಿಯಲ್ಲೇ ನಡೆದದ್ದಿದು. ಅಪ್ಪ ಬೆಳಗಿನ ಜಾವ ತೀರಿಕೊಂಡರು. ಮಗನಿಗೆ ಸುದ್ದಿ ಮುಟ್ಟಿತು. ಕೆಲಸದ ಕಡೆ ರಜೆ ಕೇಳಿ, ಪಾಸ್‌ಪೋರ್ಟು ಇಸಿದುಕೊಂಡು, ಟಿಕೆಟ್ ತೆಗೆಸುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ರಾತ್ರಿಯ ವಿಮಾನ ಸಿಕ್ಕಿತು, ನಸುಕಿನಲ್ಲಿ ಬೆಂಗಳೂರು ಮುಟ್ಟಿದ. ಅಷ್ಟೊತ್ತಿನಲ್ಲಿ ಊರಿನ ಬಸ್ಸಿಲ್ಲ. ಬಾಡಿಗೆ ಕಾರು ಹಿಡಿದು ಹೊರಟ. ಇತ್ತ ಹಿರಿಯರು ಒಂದು ರಾತ್ರಿ ತಡೆದಿದ್ದರು. ಮರುದಿನ ಮುಂಜಾನೆ ಹತ್ತು ಗಂಟೆಗೆ ಇನ್ನು ಸಾಧ್ಯವಿಲ್ಲ ಎಂದರು. ಕಾರು ಇನ್ನೂ ಚಿತ್ರದುರ್ಗದ ಆಸುಪಾಸಿನಲ್ಲಿತ್ತು. ಕಾಕನ ಮಗ ಕುಣಿಯ ಅಂಚಿಗೆ ಕೂತು ಮೊಬೈಲು ಹಿಡಿದ. ಸ್ವಾಮಿಗಳು ಮಂತ್ರ ಹೇಳುತ್ತಿದ್ದರು, ಆ ಕಡೆಯಿಂದ ಕಾರಿನ ಸದ್ದು ಕೇಳುತ್ತಿತ್ತು, ನಡುನಡುವೆ ಚಿತ್ರ ನಿಂತುಬಿಡುತ್ತಿತ್ತು. ಒಬ್ಬರು ಹಿಡಿ ಮಣ್ಣು ತಗೊಂಡು ‘ಇದು ನಿನ್ನ ಹೆಸರಿಲೆ’ ಎಂದು ಫೋನಿಗೆ ತೋರಿಸಿ ಹಾಕಿದರು. ಮಗ ಮನೆ ಮುಟ್ಟಿದ್ದು ಮೂರು ತಾಸಿನ ನಂತರ. ದುಬೈಯಿಂದ ಬೆಂಗಳೂರಿಗೆ ಬರಲು ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಅವನಿಗೆ ಬೆಂಗಳೂರಿನಿಂದ ಊರಿಗೆ ಬರಲು ಹಿಡಿಯಿತು. ಆ ಮೂರು ತಾಸು ಅರಬ್ಬೀ ಸಮುದ್ರದ ಮೇಲೆ ಕಳೆದುಹೋಗಿರಲಿಲ್ಲ. ಕರ್ನಾಟಕದೊಳಗೇ ಕಳೆದುಹೋಗಿದ್ದವು.

ಒಂದು ಸಂಗತಿ ನಿಮ್ಮಲ್ಲಿ ಬಹಳ ಜನರಿಗೆ ಹೊಳೆದಿರಲಿಕ್ಕಿಲ್ಲ. ಮಕ್ಕಳ ಪಾಠದ ಭೂಗೋಳ ಒಂದನ್ನು ತೆಗೆದುಕೊಂಡು ಬೆಂಗಳೂರಿನಿಂದ ದುಬೈಗೆ ದಾರ ಬಿಗಿದು ನೋಡಿ. ಆ ದಾರ ಹುಬ್ಬಳ್ಳಿಯ ನೈಋತ್ಯಕ್ಕೆ ಸುಮಾರು ಐವತ್ತು ಕಿ.ಮೀ. ದೂರದಲ್ಲಿ, ಯಲ್ಲಾಪುರ–ಮುಂಡಗೋಡದ ಆಸುಪಾಸಿನಲ್ಲಿ ಹಾಯುತ್ತದೆ. ನಿಜವಾದ ವಿಮಾನಗಳು ಗೊತ್ತುಪಡಿಸಿದ ವಾಯುಮಾರ್ಗಗಳಲ್ಲಿ ಅಷ್ಟಿಷ್ಟು ಅತ್ತಿತ್ತ ಹೋಗುತ್ತವೆ, ಅದು ಬೇರೆ ಮಾತು. ನೇರ ಅಂತರ ಲೆಕ್ಕ ಹಾಕಿದರೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 370 ಕಿ.ಮೀ., ಹುಬ್ಬಳ್ಳಿಯಿಂದ ದುಬೈಗೆ ಸುಮಾರು 2,330. ಎರಡನ್ನೂ ಕೂಡಿಸಿ: 2,700. ಅಂದರೆ ಹುಬ್ಬಳ್ಳಿ ಇರುವುದು ಹೆಚ್ಚುಕಡಿಮೆ ದುಬೈ ದಾರಿಯಲ್ಲೇ. ನಾವು ರಾತ್ರಿಯಿಡೀ ಬಸ್ಸಿನಲ್ಲಿ ಕೂತು ದುಬೈಗೆ ಬೆನ್ನು ತಿರುಗಿಸಿ ಆಗ್ನೇಯಕ್ಕೆ ಹೋಗುತ್ತೇವೆ, ವಿಮಾನ ಹತ್ತಿ ಅದೇ ದೂರವನ್ನು ಮತ್ತೆ ವಾಯವ್ಯಕ್ಕೆ ಬರುತ್ತೇವೆ. ಒಂದು ದಾರಿಗೆ ಎರಡು ಸಲ ದುಡ್ಡು, ಎರಡು ಸಲ ಹೊತ್ತು.

ಹುಬ್ಬಳ್ಳಿಯಿಂದ ನೇರ ವಿಮಾನ ಇದ್ದರೆ ಹಾರಾಟ ಮೂರೂವರೆ ತಾಸು. ನರಗುಂದದಿಂದ ಹುಬ್ಬಳ್ಳಿಗೆ ಒಂದು ತಾಸಿನ ಮೇಲೆ, ರೋಣದಿಂದ ಎರಡು ಎರಡೂವರೆ, ಗಜೇಂದ್ರಗಡದಿಂದ ಅದಕ್ಕಿಂತ ತುಸು ಹೆಚ್ಚು. ಮೂರು ತಾಸು ಮೊದಲು ಹೋಗಿ ಕೂತರೂ, ಅಲ್ಲಿ ಇಳಿದು ರೂಮು ಮುಟ್ಟುವವರೆಗೆ ಒಟ್ಟು ಹತ್ತು ಹನ್ನೊಂದು ತಾಸಿನಲ್ಲಿ ಮುಗಿಯುತ್ತದೆ. ಇಪ್ಪತ್ತು ಇದ್ದದ್ದು ಹತ್ತಾಗುತ್ತದೆ. ಮಣ್ಣಿಗೆ ಬರಲು ಆಗುವುದಕ್ಕೂ ಆಗದಿರುವುದಕ್ಕೂ ನಡುವೆ ಇರುವುದು ಅಷ್ಟೇ ಅಂತರ.

ಇದು ಆಗದ ಮಾತೇನಲ್ಲ. ಹುಬ್ಬಳ್ಳಿಯ ರನ್‌ವೇ ಈಗ 2,600 ಮೀಟರ್ ಉದ್ದವಿದೆ. ಗಲ್ಫ್‌ಗೆ 2006ರಿಂದ ವಿಮಾನ ಕಳಿಸುತ್ತಿರುವ ಮಂಗಳೂರಿನದು 2,450 ಮೀಟರ್, ಅದೂ ಗುಡ್ಡದ ನೆತ್ತಿಯ ಮೇಲೆ. ಹುಬ್ಬಳ್ಳಿ ಸಮುದ್ರಮಟ್ಟದಿಂದ 660 ಮೀಟರ್ ಎತ್ತರದಲ್ಲಿರುವುದರಿಂದ ವಿಮಾನ ಎಷ್ಟು ಭಾರ ಹೊತ್ತು ಏರಬಹುದು ಎಂಬ ಲೆಕ್ಕ ಸ್ವಲ್ಪ ಬೇರೆಯಾಗುತ್ತದೆ, ಅದನ್ನು ತಜ್ಞರು ಮಾಡಬೇಕು. 2018ರಲ್ಲಿ ಉಡಾನ್ ಯೋಜನೆಯಿಂದ ಅಲ್ಲಿ ಮತ್ತೆ ಸದ್ದು ಶುರುವಾಯಿತು, 2024ರ ಮಾರ್ಚ್‌ನಲ್ಲಿ ಹೊಸ ಟರ್ಮಿನಲ್‌ಗೆ ಶಂಕುಸ್ಥಾಪನೆಯೂ ಆಯಿತು. ವಿದೇಶಕ್ಕೆ ಹಾರಬೇಕಾದರೆ ಇದಲ್ಲದೆ ಇಮಿಗ್ರೇಶನ್, ಕಸ್ಟಮ್ಸ್, ಆರೋಗ್ಯ ತಪಾಸಣೆ ಅಲ್ಲಿಯೇ ಇರಬೇಕು, ಕೇಂದ್ರ ಸರ್ಕಾರ ಅದನ್ನು ಅಂತರರಾಷ್ಟ್ರೀಯ ನಿಲ್ದಾಣವೆಂದು ಗುರುತಿಸಬೇಕು. ಎರಡು ದೇಶಗಳ ನಡುವೆ ವಾರಕ್ಕೆ ಇಷ್ಟು ಸೀಟು ಎಂಬ ಒಪ್ಪಂದವೂ ಇರುತ್ತದೆ. ದುಬೈ ಕಡೆಯ ಕಂಪನಿಗಳು ಒಪ್ಪಂದದಲ್ಲಿ ಹೆಸರಿಸಿದ ಊರುಗಳಿಗಷ್ಟೇ ಬರಬಹುದು. ಕೊನೆಗೆ ವಿಮಾನ ಕಂಪನಿ ಕೇಳುವುದು ಒಂದೇ: ಸೀಟು ತುಂಬುತ್ತವೆಯೇ?

ಇಲ್ಲಿಯೇ ನಿಮ್ಮ ಪಾತ್ರ ಇರುವುದು. ಈ ಪ್ರಶ್ನೆಗೆ ಉತ್ತರ ಕೊಡಬಲ್ಲವರು ನೀವು. ಬರೀ ಮೂರು ತಾಲ್ಲೂಕಿನಿಂದ ವಿಮಾನ ತುಂಬುವುದಿಲ್ಲ, ನಿಜ. ಆದರೆ ಧಾರವಾಡ, ಗದಗ, ಹಾವೇರಿ, ಬಾಗಲಕೋಟೆ, ವಿಜಯಪುರ, ಕೊಪ್ಪಳ, ಬೆಳಗಾವಿ, ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳು, ಇವರೆಲ್ಲರಿಗೂ ಹುಬ್ಬಳ್ಳಿಯೇ ಹತ್ತಿರ. ಇವರಲ್ಲಿ ಗಲ್ಫ್‌ಗೆ ಹೋಗುವವರು ಇವತ್ತು ಬೆಂಗಳೂರು, ಮಂಗಳೂರು, ಗೋವಾ, ಮುಂಬೈಗಳ ಪ್ರಯಾಣಿಕರ ಲೆಕ್ಕದಲ್ಲಿ ಚದುರಿಹೋಗಿದ್ದಾರೆ. ಹುಬ್ಬಳ್ಳಿಯ ಹೆಸರಿನಲ್ಲಿ ಅವರ ಲೆಕ್ಕವೇ ಇಲ್ಲ. ಲೆಕ್ಕಕ್ಕೆ ಸಿಗದವರಿಗೆ ವಿಮಾನ ಬರುವುದಿಲ್ಲ.

ನಮ್ಮ ಸೀಮೆಗೆ ದೂರ ಎಂಬುದು ಹಿಂದೊಮ್ಮೆ ಜೀವವನ್ನೇ ತೆಗೆದಿತ್ತು. 1876–78ರ ಬರಗಾಲದಲ್ಲಿ ಧಾರವಾಡ, ಕಲಾದಗಿ ಜಿಲ್ಲೆಗಳಲ್ಲಿ ಜನ ಸತ್ತದ್ದಕ್ಕೆ ಮಳೆ ಹೋದದ್ದೊಂದೇ ಕಾರಣವಲ್ಲ. ಬೇರೆ ಕಡೆ ಕಾಳಿದ್ದರೂ ಅದು ಎತ್ತಿನ ಗಾಡಿಯ ಮೇಲೆ ಬರಬೇಕಿತ್ತು, ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದವು. ಆ ಬರದ ನಂತರವೇ ಈ ಕಡೆ ರೈಲು ಹಾಕುವ ಕೆಲಸಕ್ಕೆ ಜೋರು ಬಂತು, 1884ರಲ್ಲಿ ಹೊಟಗಿ–ಗದಗ ಮಾರ್ಗ ಬಂತು, ಹೊಳೆಆಲೂರು ಆ ಹಾದಿಯಲ್ಲಿರುವ ನಿಲ್ದಾಣ. ಅಷ್ಟು ಜನ ಸತ್ತ ಮೇಲೆ ರೈಲು ಬಂತು. ಈಗ ಹಾಗೆ ಕಾಯಬೇಕಾಗಿಲ್ಲ. ಕೇಳಿ ಪಡೆಯುವುದು ನಮ್ಮವರಿಗೆ ಹೊಸದೂ ಅಲ್ಲ. 1980ರಲ್ಲಿ ನರಗುಂದ–ನವಲಗುಂದದ ರೈತರು ಬೆಟರ್‌ಮೆಂಟ್ ಲೆವಿಯ ವಿರುದ್ಧ ಎದ್ದು ನಿಂತದ್ದನ್ನು ನಾಡು ಮರೆತಿಲ್ಲ. 2015ರಲ್ಲಿ ಮಹದಾಯಿಗಾಗಿ ನರಗುಂದದಲ್ಲಿ ಪೆಂಡಾಲು ಹಾಕಿ ಕೂತವರಲ್ಲಿ ನಿಮ್ಮ ಅಪ್ಪಂದಿರೂ ಇದ್ದರು.

ವಿಮಾನ ಬರುವವರೆಗೆ ಊರಿನವರೂ ಮಾಡಬೇಕಾದದ್ದಿದೆ, ಅದನ್ನು ಇಲ್ಲಿ ಹೇಳುತ್ತಿದ್ದೇವೆ. ರಾತ್ರಿ ಇಳಿಯುವ ಗಲ್ಫ್ ವಿಮಾನಗಳ ಹೊತ್ತಿಗೆ ಹೊಂದುವಂತೆ ದೇವನಹಳ್ಳಿಯಿಂದಲೇ ಹುಬ್ಬಳ್ಳಿ–ಗದಗಿನ ಕಡೆಗೆ ಸಾರಿಗೆ ಬಸ್ಸು ಬಿಟ್ಟರೆ ಮೆಜೆಸ್ಟಿಕ್‌ಗೆ ಹೋಗಿ ಕಾಯುವ ಹೊತ್ತು ಉಳಿಯುತ್ತದೆ. ಇದಕ್ಕೆ ಹೊಸ ರಸ್ತೆ ಬೇಡ, ಹೊಸ ಕಾನೂನು ಬೇಡ. ತಾಲ್ಲೂಕು ಆಸ್ಪತ್ರೆಗಳಲ್ಲಿ ತಂಪು ಪೆಟ್ಟಿಗೆ ಇಡಿಸಿದರೆ ಹಿರಿಯರೂ ಇನ್ನೊಂದು ರಾತ್ರಿ ತಡೆಯಬಲ್ಲರು. ಇವೆರಡನ್ನೂ ಪಂಚಾಯ್ತಿ, ಪುರಸಭೆಗಳ ಮುಂದೆ ಕೇಳುವುದು ನಮ್ಮ ಕೆಲಸ.

ನಿಮ್ಮಿಂದ ಬೇಡುವುದು ಇಷ್ಟು. ಅವ್ವನಿಗೆ ಇನ್ನು ಮುಂದೆ ನಾಲ್ಕು ತಾಸು ಎಂದು ಹೇಳಬೇಡಿ. ನಿಮ್ಮ ರೂಮಿನ ಬಾಗಿಲಿನಿಂದ ಅವಳ ಕಟ್ಟೆಯವರೆಗೆ ಎಷ್ಟು ಎಂದು ಹೇಳಿ. ಪಾಸ್‌ಪೋರ್ಟು ನಿಮ್ಮ ಕೈಯಲ್ಲೇ ಇರಲಿ. ಅದನ್ನು ಮಾಲೀಕ ಇಟ್ಟುಕೊಳ್ಳುವುದು ಯುಎಇಯಲ್ಲಿ ಕಾನೂನಿಗೆ ವಿರುದ್ಧ. ನೀವು ಸೇರುವ ಕನ್ನಡ ಸಂಘದಲ್ಲಿ, ಕ್ಯಾಂಪಿನಲ್ಲಿ, ಮಸೀದಿಯಲ್ಲಿ, ಬಸವ ಜಯಂತಿಯ ಸಭೆಯಲ್ಲಿ ಒಂದು ಪಟ್ಟಿ ಮಾಡಿ: ಹೆಸರು, ತಾಲ್ಲೂಕು, ವರ್ಷಕ್ಕೆ ಎಷ್ಟು ಸಲ ಊರಿಗೆ ಬರುತ್ತೀರಿ, ಈಗ ಯಾವ ನಿಲ್ದಾಣದಲ್ಲಿ ಇಳಿಯುತ್ತೀರಿ, ಹುಬ್ಬಳ್ಳಿಗೆ ವಿಮಾನ ಇದ್ದರೆ ಅದನ್ನೇ ಹಿಡಿಯುತ್ತೀರಾ. ಬಾಗಲಕೋಟೆಯವರನ್ನೂ ವಿಜಯಪುರದವರನ್ನೂ ಹಾವೇರಿಯವರನ್ನೂ ಸೇರಿಸಿಕೊಳ್ಳಿ. ಆ ಪಟ್ಟಿಯನ್ನು ನಾಗರಿಕ ವಿಮಾನಯಾನ ಸಚಿವಾಲಯಕ್ಕೆ, ನಮ್ಮ ಭಾಗದ ಸಂಸದರಿಗೆ, ವಿಮಾನ ಕಂಪನಿಗಳಿಗೆ ಕಳಿಸಿ, ಒಂದು ಪ್ರತಿ ನಮಗೂ ಬರಲಿ. ಇಲ್ಲಿಂದ ಒಯ್ದು ಕೊಡುವವರು ಇದ್ದೇವೆ.

ಈ ಯುಗಾದಿಯೊಳಗೆ ಆ ಪಟ್ಟಿ ಕಳಿಸಿ.

ನಿಮ್ಮ ಊರಿನವ,
ರೋಣ